ಅರ್ಧ ಬಿಲ್ಲಿನ ಶನಿವಾರ

ಗಂಡ-ಹೆಂಡತಿ ಹೋಟೆಲಿಗೆ ಹೋಗಿ ಉಂಡು ಬರುವುದರಲ್ಲಿ ದುಡ್ಡು ಉಳಿಸುವುದು ಹೇಗೆ ಅಂತ ಯಾರಾದರೂ ಕೇಳಿದರೆ, ಅಮರಗೋಳದ ಎಪಿಎಂಸಿಯಲ್ಲಿ ಬಸವಪ್ರಭುವಿನ ಹೆಸರು ಹೇಳಬೇಕು. ಒಣಮೆಣಸಿನಕಾಯಿ, ಶೇಂಗಾ, ಹತ್ತಿಯ ಅಡತಿ ಅಂಗಡಿಯೊಂದರಲ್ಲಿ ಅವನು ಗುಮಾಸ್ತ. ಸಾವ್ಕಾರನ ದುಡ್ಡು ಉಳಿಸಿ ಉಳಿಸಿ ಕೈ ಬಿಗಿಯಾಗಿತ್ತು. ಸ್ವಂತ ದುಡ್ಡಿನ ಮಾತು ಬಂದರೆ ಕೇಳುವುದೇ ಬೇಡ. ಮನುಷ್ಯ ಕೆಟ್ಟವನಲ್ಲ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಹೆಂಡತಿಗೆ ಒಂದು ದಿನವೂ ದನಿ ಎತ್ತರಿಸಿ ಮಾತಾಡಿದವನಲ್ಲ. ನನ್ನ ಕೇಳಿದರೆ ಇಂಥ ಗಂಡಸರ ಮೇಲೆ ಬರುವಷ್ಟು ಸಿಟ್ಟು ಕುಡುಕರ ಮೇಲೂ ಬರುವುದಿಲ್ಲ. ಕುಡುಕನನ್ನಾದರೆ ಬೈಯಬಹುದು, ಇವರನ್ನು ಬೈಯಲು ಹೋದರೆ ಊರೇ ನಮ್ಮನ್ನು ಬೈಯುತ್ತದೆ.

ಅವನ ಹೆಂಡತಿ ನೀಲಗಂಗಾ. ವಿದ್ಯಾನಗರದ ಹಿಂದಿನ ಓಣಿಯಲ್ಲಿ ನೀಲವ್ವನ ಖಡಕ್ ರೊಟ್ಟಿ ಅಂದರೆ ಎಲ್ಲರಿಗೂ ಗೊತ್ತು. ಕೋಳಿ ಕೂಗುವ ಮುಂಚೆ ಎದ್ದು, ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಪಟಪಟ ಬಡಿಯಲು ಕೂತರೆ ಬಿಸಿಲೇರುವ ತನಕ ಏಳುವಂತಿಲ್ಲ. ಅಂಗಡಿಗಳಿಗೆ, ಹಾಸ್ಟೆಲುಗಳಿಗೆ, ಲಗ್ನದ ಮನೆಗಳಿಗೆ ಅವಳ ರೊಟ್ಟಿ ಹೋಗುತ್ತಿತ್ತು. ಅರ್ಧ ವಿದ್ಯಾನಗರ ಅವಳ ಕೈಯ ರೊಟ್ಟಿ ತಿಂದಿದೆ. ಆದರೆ ರೊಟ್ಟಿ ಬಡಿಯುವ ಹೆಂಗಸಿನ ಹಣೆಬರಹ ನಮ್ಮ ಕಡೆ ಎಲ್ಲ ಮನೆಯಲ್ಲೂ ಒಂದೇ. ಬಿಸಿಯದು ಗಂಡನ ತಾಟಿಗೆ, ಮಗಳ ತಾಟಿಗೆ, ಬಂದವರ ತಾಟಿಗೆ. ಬಡಿದವಳು ಎದ್ದು ಸೊಂಟ ನೆಟ್ಟಗೆ ಮಾಡಿ ಉಣ್ಣಲು ಕೂರುವ ಹೊತ್ತಿಗೆ ಹಂಚೂ ಆರಿರುತ್ತದೆ, ಹಸಿವೂ ಆರಿರುತ್ತದೆ. ಮದುವೆಯಾಗಿ ಬಂದಮೇಲೆ ನೀಲಗಂಗಾ ಕೂತು ಬಿಸಿ ರೊಟ್ಟಿ ಉಂಡಿದ್ದೇ ಇಲ್ಲ.

ಈ ಹೋಟೆಲಿನ ವಿಚಾರ ಎತ್ತಿದವಳು ಮಗಳು ಐಶ್ವರ್ಯಾ. ಸತ್ತೂರಿನಲ್ಲಿ ನರ್ಸಿಂಗ್ ಓದಲು ಹೊರಟಿದ್ದಳು, ಅಲ್ಲೇ ಹಾಸ್ಟೆಲು. ಬ್ಯಾಗು ತುಂಬುತ್ತ ಅಪ್ಪನಿಗೆ ಹೇಳಿದಳು:

"ಅಪ್ಪಾ, ಇನ್ನ ಮ್ಯಾಲೆ ಮನ್ಯಾಗ ನೀವಿಬ್ಬರ. ತಿಂಗಳಿಗೆ ಒಮ್ಮೆರ ಅವ್ವನ್ನ ಛಲೋ ಹೋಟೆಲಿಗೆ ಕರಕೊಂಡು ಹೋಗ್ರಿ. ಡೇಟ್ ನೈಟ್ ಅಂತಾರ ಅದಕ್ಕ."

"ನಮ್ಮ ಲಗ್ನಾ ಆಗಿ ಎಷ್ಟೋ ವರ್ಷಾತು, ಮಗಳು ಕಾಲೇಜಿಗೆ ಹೊಂಟಾಳ, ಈಗೆಂಥಾ ಡೇಟ್ ಲೇ?" ಬಸವಪ್ರಭು ನಕ್ಕ.

ಒಲೆಯ ಮುಂದೆ ಕೂತಿದ್ದ ನೀಲಗಂಗಾ ತಿರುಗಿ ನೋಡದೆ ಅಂದಳು: "ಹೋಗೋಣ್ರಿ. ನನಗ ಇಂಥಾದ್ದ ಬೇಕು ಅಂತಿಲ್ಲ, ಏನ ತಿಂದರೂ ನಡೀತೈತಿ. ನಾ ಕೂತಿರಬೇಕು, ಯಾರರ ಬಿಸೀದು ತಂದು ನನಗ ಬಡಸಬೇಕು. ಅಷ್ಟ ಸಾಕು."

ಹೆಂಡತಿ ಬಾಯಿಬಿಟ್ಟು ಏನಾದರೂ ಕೇಳಿದ್ದು ಅಪರೂಪ. ಬಸವಪ್ರಭುವಿಗೂ ಅದು ಎಲ್ಲೋ ನಾಟಿತು. ತಿಂಗಳ ಮೊದಲ ಶನಿವಾರ ಗೋಕುಲ ರಸ್ತೆಯ ಎಸಿ ಹೋಟೆಲಿಗೆ ಕರೆದುಕೊಂಡು ಹೋದ.

ಆ ಸಂಜೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ನೀಲಗಂಗಾ ಇಳಕಲ್ ಸೀರೆ ಉಟ್ಟಿದ್ದಳು. ವೇಟರ್ ಕುರ್ಚಿ ಹಿಂದಕ್ಕೆಳೆದು ಕೂರಿಸಿದಾಗ ಕುರ್ಚಿ ಮುರಿದಿದೆಯೇನೋ ಅಂದುಕೊಂಡು ಒಮ್ಮೆ ಹೆದರಿದಳು. ನೀರಿನ ಜಗ್ಗು ಖಾಲಿಯಾದಾಗ ತಾನೇ ಏಳಲು ಹೋದಳು. ಬಸವಪ್ರಭು ಕೈ ಹಿಡಿದು ಕೂರಿಸಿದ. ಫುಲ್ಕಾ ಒಂದೊಂದಾಗಿ ಉಬ್ಬಿಕೊಂಡೇ ಬಂದು ಅವಳ ತಾಟಿಗೆ ಬೀಳುತ್ತಿತ್ತು. "ಇನ್ನೊಂದು ಹಾಕಲೇನ್ರಿ ಅಮ್ಮಾರ?" ಅಂತ ವೇಟರ್ ಕೇಳಿದಾಗಲೆಲ್ಲ ಅವಳು ಬೇಡ ಅನ್ನಲೇ ಇಲ್ಲ.

ಹೊಟ್ಟೆ ತುಂಬಿದ ಮೇಲೆ ಅವಳ ಮಾತು ಹೊರಬಂತು. ಅಣ್ಣಿಗೇರಿಯ ಶಾಲೆಯಲ್ಲಿ ತಾನು ನಾಟಕದ ರಾಜನಾಗಿದ್ದು, ಕಾಡಿಗೆಯ ಮೀಸೆ ಬೆವರಿಗೆ ಇಳಿದು ಗಡ್ಡವಾದದ್ದು, ರಾಣಿಯಾದ ಹುಡುಗಿ ನಗು ತಡೆಯಲಾಗದೆ ಸಿಂಹಾಸನದಿಂದ ಬಿದ್ದದ್ದು. ಬಸವಪ್ರಭು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಇಷ್ಟು ವರ್ಷ ಜೊತೆಗಿದ್ದರೂ ಈ ಹೆಂಗಸು ಒಂದು ದಿನ ರಾಜನಾಗಿದ್ದಳು ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಎದುರು ಕೂತವಳನ್ನು ಹೊಸದಾಗಿ ನೋಡಿದ.

ಆಮೇಲೆ ಬಿಲ್ಲು ಬಂತು. ಸೋಂಪಿನ ಬಟ್ಟಲಿನ ಪಕ್ಕ ಮಡಚಿಟ್ಟ ಆ ಚೀಟಿಯನ್ನು ಬಿಚ್ಚಿ ನೋಡಿದವನ ಮುಖ ಹರಳೆಣ್ಣೆ ಕುಡಿದಂತಾಯಿತು. ಮನೆ ಮುಟ್ಟಿದ ಮೇಲೆ ಒಂದೇ ಮಾತು: "ಇದರಾಗ ಒಂದು ಚೀಲ ಜ್ವಾಳಾ ಬರತಿತ್ತು ನೋಡು."

ಇಲ್ಲಿಂದ ಶುರುವಾಯಿತು ಅವನ ಉಳಿತಾಯದ ವಿದ್ಯೆ. ಎರಡನೇ ತಿಂಗಳು ಹೊರಡುವ ಮುಂಚೆ ಮನೆಯಲ್ಲೇ ಒಂದಿಷ್ಟು ಅವಲಕ್ಕಿ ತಿನ್ನುವುದು ಜಾರಿಗೆ ಬಂತು, ಅಲ್ಲಿ ಹಸಿವು ಕಡಿಮೆಯಾದರೆ ಬಿಲ್ಲೂ ಕಡಿಮೆ. ಅವಲಕ್ಕಿ ಮಾಡಬೇಕಾದವಳು ಯಾರು ಅಂತ ಬೇರೆ ಹೇಳಬೇಕೆ? ನೀರಿನ ಬಾಟಲಿ ಮನೆಯಿಂದ ಬಂತು. ಸೂಪು ಬೈಟೂ ಆಯಿತು. ಶನಿವಾರಕ್ಕಿಂತ ಮಂಗಳವಾರ ಸೋವಿ ಅಂತ ತಿಳಿದ ಮೇಲೆ ಒಂದು ತಿಂಗಳು ಶನಿವಾರವೇ ಮಂಗಳವಾರವಾಯಿತು. ಮಗಳ ಫೋನಿನಿಂದ ಕೂಪನ್ನು ತರಿಸಿದ. ಒಮ್ಮೆ ಒಂದು ಥಾಲಿ ಹೇಳಿ ಎರಡು ತಾಟು ಕೇಳಿದ. "ಥಾಲಿ ಶೇರ್ ಮಾಡಂಗಿಲ್ಲರಿ" ಅಂದ ವೇಟರಿನ ಜೊತೆ ಅಡತಿಯ ಧಾರಣಿ ಮಾತಾಡಿದ ಹಾಗೆ ವಾದಕ್ಕಿಳಿದ. ಪಕ್ಕದ ಟೇಬಲಿನವರು ನೋಡತೊಡಗಿದಾಗ ನೀಲಗಂಗಾ ಸೆರಗಿನಿಂದ ಮುಖ ಒರೆಸಿಕೊಂಡಳು. ಎಸಿಯಲ್ಲಿ ಬೆವರು ಎಲ್ಲಿಂದ ಬರಬೇಕು?

ಆದರೂ ಅವಳು ಸಹಿಸಿದಳು, ನಿಜ ಹೇಳಬೇಕೆಂದರೆ ಒಳಗೊಳಗೇ ನಕ್ಕಳು ಕೂಡ. ಬೈಟೂ ಸೂಪಾದರೂ ಯಾರೋ ತಂದು ಎದುರಿಗೆ ಇಡುತ್ತಿದ್ದರು. ತಾನು ಕೂತಿರುತ್ತಿದ್ದಳು. ಗಂಡ ಹೀಗೆ ಉಳಿಸಿದ್ದು ಮಗಳ ಹೆಸರಿನ ಪೋಸ್ಟಿನ ಖಾತೆಗೇ ಹೋಗುತ್ತಿತ್ತು ಅನ್ನುವುದೂ ಅವಳಿಗೆ ಗೊತ್ತಿತ್ತು.

ಕೆಡುಕಾದದ್ದು ಶಿವಲಿಂಗವ್ವನ ಖಾನಾವಳಿಯಿಂದ. ಶಿವಲಿಂಗವ್ವ ವಯಸ್ಸಾದ ಹೆಂಗಸು. ಗಂಡ ತೀರಿದ ಮೇಲೆ ಉಣಕಲ್ಲಿನ ಹತ್ತಿರ ರೊಟ್ಟಿ ಊಟದ ಖಾನಾವಳಿ ತೆಗೆದು ಹೆಸರು ಮಾಡಿದವಳು. ಅಲ್ಲಿಗೆ ಖಡಕ್ ರೊಟ್ಟಿ ಹೋಗುತ್ತಿದ್ದುದು ನೀಲಗಂಗಾಳ ಮನೆಯಿಂದಲೇ. ಒಂದು ದಿನ ರೊಟ್ಟಿ ಕೊಟ್ಟು ಬರಲು ಹೋದ ಬಸವಪ್ರಭು ಮಾತಿನ ನಡುವೆ ತಿಂಗಳ ಹೋಟೆಲಿನ ಖರ್ಚಿನ ಸಂಕಟ ತೋಡಿಕೊಂಡ.

"ಅಯ್ಯ, ನಮ್ಮಲ್ಲೆ ಬರ್ರಿ ಅಣ್ಣಾರ," ಅಂದಳು ಶಿವಲಿಂಗವ್ವ. "ನೀಲವ್ವ ನಮ್ಮಾಕಿ. ಅರ್ಧಾ ಬಿಲ್ಲು ಕೊಡ್ರಿ, ಸಾಕು."

ಅರ್ಧ ಬಿಲ್ಲು! ಬಸವಪ್ರಭು ಮನೆಗೆ ಹಾರುತ್ತಲೇ ಬಂದ. ನೀಲಗಂಗಾ ಹಿಟ್ಟು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

"ಅಲ್ಲಿ ನನ್ನ ರೊಟ್ಟೀನ ಇರತಾವಲ್ಲರಿ?"

"ಅದಕ್ಕ ಹೇಳೂದು! ಊರಾಗ ಅದಕ್ಕಿಂತ ಛಲೋ ರೊಟ್ಟಿ ಎಲ್ಲಿ ಸಿಗತೈತಿ?"

ಅವನು ಇದನ್ನು ಮನಸಾರೆ ಹೇಳಿದ. ಹೆಂಡತಿಯನ್ನು ಹೊಗಳಿದೆ ಅಂತಲೇ ತಿಳಿದ. ಹೊಗಳಿಕೆಗೆ ಎದುರಾಡುವುದು ಹೇಗೆ? ಅವಳು ಮತ್ತೆ ಜರಡಿ ಹಿಡಿದಳು.

ಹೋದರು. ಎಣಗಾಯಿ, ಝುಣಕ, ಮಡಕಿಕಾಳಿನ ಪಲ್ಯ, ಮೊಸರು, ಹಸಿ ಉಳ್ಳಾಗಡ್ಡಿ, ನಡುವೆ ಅವಳದೇ ರೊಟ್ಟಿ. ಒಂದರ ಅಂಚು ಸೀದಿತ್ತು. ಮುಂಜಾನೆ ಹಾಲಿನವನು ಕರೆದಾಗ ಎದ್ದು ಹೋಗಿದ್ದಳು, ಅಷ್ಟರಲ್ಲಿ ಸೀದದ್ದು. ತಾನು ಬಡಿದದ್ದನ್ನು ತಾನೇ ಮುರಿದು ತಿನ್ನುತ್ತ ಕೂತವಳಿಗೆ ಹೊರಗೆ ಬಂದಿದ್ದೇನೆ ಅಂತ ಅನಿಸಲೇ ಇಲ್ಲ. ಬಸವಪ್ರಭು ಮಾತ್ರ ಎರಡು ಸಲ ಪಲ್ಯ ಹಾಕಿಸಿಕೊಂಡ.

ಮುಂದಿನ ತಿಂಗಳು ಅಲ್ಲಿ ಬಿಸಿ ರೊಟ್ಟಿ ಬಡಿಯುವ ಮಾಳವ್ವ ಬಂದಿರಲಿಲ್ಲ, ಮಗುವಿಗೆ ಜ್ವರ. ಲಗ್ನಸರಾಯಿಯ ಕಾಲ ಬೇರೆ. ಚಿಗರಿ ಅನ್ನುವ ಸಿಟಿ ಬಸ್ಸಿನಿಂದ ಇಳಿದ ಮಂದಿಯೆಲ್ಲ ಬಾಗಿಲಲ್ಲಿ ನಿಂತಿದ್ದರು. ಬಸವಪ್ರಭು, ನೀಲಗಂಗಾ ಆಗಷ್ಟೇ ಕೂತಿದ್ದರು. ಶಿವಲಿಂಗವ್ವ ಕೈ ಹಿಸುಕಿಕೊಳ್ಳುತ್ತ ಟೇಬಲಿಗೆ ಬಂದಳು.

"ನೀಲವ್ವಾ, ಹೇಳಾಕ ಬಾಯಿ ಬರವಲ್ತು. ಒಂದ ಹತ್ತು ರೊಟ್ಟಿ ಬಡದ ಕೊಡ್ತೀಯೇನ? ಮಂದಿ ಕಾಯಾಕತ್ತಾರ."

ನೀಲಗಂಗಾ ಗಂಡನ ಮುಖ ನೋಡಿದಳು.

ಆ ನೋಟವನ್ನು ಬಸವಪ್ರಭು ಆಗ ಓದಬೇಕಿತ್ತು. ಮೆಣಸಿನಕಾಯಿಯ ಚೀಲದಲ್ಲಿ ಕೈಯಾಡಿಸಿ ತೇವ ಎಷ್ಟಿದೆ ಅಂತ ಹೇಳಬಲ್ಲವನು, ಎದುರು ಕೂತ ಹೆಂಡತಿಯ ಕಣ್ಣು ಹೇಳಿದ್ದು ತಿಳಿಯದೆ ಹೋದ. "ಬ್ಯಾಡ್ರಿ ಅವ್ವಾರ, ಇವತ್ತ ಆಕಿ ಕೂತು ಉಣ್ಣಲಿ" ಅನ್ನುವುದಕ್ಕೆ ದುಡ್ಡು ಬೇಕಿರಲಿಲ್ಲ.

"ಹೋಗು, ಹೋಗು," ಅಂದ. "ನಮ್ಮವರ ಅಲ್ಲೇನು? ನಾ ಇಲ್ಲೆ ಕೂತಿರತೇನಿ."

ಅವಳು ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಹತ್ತು ರೊಟ್ಟಿ ಮೂವತ್ತಾಯಿತು, ಐವತ್ತಾಯಿತು. ಬಸವಪ್ರಭು ಹೆಂಡತಿಯ ಕೈಯ ಬಿಸಿ ರೊಟ್ಟಿಯನ್ನು ಬೆಣ್ಣೆ ಹಚ್ಚಿಸಿಕೊಂಡು ಉಂಡ. ಏಳುವಾಗ ಪಾಕೀಟು ತೆಗೆದರೆ ಶಿವಲಿಂಗವ್ವ ಎರಡೂ ಕೈ ಮುಗಿದಳು. "ನಿಮ್ಮ ಕಡೆ ರೊಕ್ಕಾ ತಗೊಂಡ್ರ ಶಿವಾ ಮೆಚ್ಚೂದಿಲ್ಲರಿ."

ಸೋಮವಾರ ಅಡತಿ ಅಂಗಡಿಯಲ್ಲಿ ಇದೇ ಸುದ್ದಿ. "ಡೇಟ್ ನೈಟು ಪುಕ್ಕಟ!" ಅಂತ ಬಸವಪ್ರಭು ಹೇಳಿದ್ದೇ ಹೇಳಿದ್ದು. ಹಮಾಲರೂ ನಕ್ಕರು, ಸಾವ್ಕಾರನೂ ನಕ್ಕ. ನಾನು ಅಲ್ಲಿದ್ದಿದ್ದರೆ ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಹೇಳುತ್ತಿದ್ದೆ. ಕೇಳುತ್ತಿದ್ದನೆಂದೇನೂ ಅಲ್ಲ.

ಆಮೇಲೆ ಅದೇ ರೂಢಿಯಾಯಿತು. ಶನಿವಾರದ ಗದ್ದಲಕ್ಕೆ ಮಾಳವ್ವ ಒಬ್ಬಳು ಸಾಲುತ್ತಿರಲಿಲ್ಲ. ನೀಲಗಂಗಾ ಬರುವುದು, ಬಂದವಳೇ ಒಳಗೆ ಹೋಗುವುದು. ಈಗ ಇಳಕಲ್ ಸೀರೆಯೂ ಇಲ್ಲ, ಮನೆಯ ಹಳೆಯ ಸೀರೆಯಲ್ಲೇ ಬರುತ್ತಿದ್ದಳು. ಬಸವಪ್ರಭು ಇಬ್ಬರ ಟೇಬಲಿನಲ್ಲಿ ಕೂತು ಎದುರಿನ ಕುರ್ಚಿಯ ಮೇಲೆ ತನ್ನ ಚೀಲ ಇಡುತ್ತಿದ್ದ. ಕೆಲವು ತಿಂಗಳ ನಂತರ ಗಿರಾಕಿಗಳು "ಇಲ್ಲಿ ಯಾರರ ಅದಾರೇನ್ರಿ?" ಅಂತ ಕೇಳಿದರೆ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಳ್ಳತೊಡಗಿದ. ಶಿವಲಿಂಗವ್ವ ನ್ಯಾಯದ ಹೆಂಗಸು, ನೀಲಗಂಗಾಳಿಗೆ ಕೂಲಿ ಗೊತ್ತುಮಾಡಿದಳು. ತಿಂಗಳಿಗೊಂದು ಇದ್ದದ್ದು ವಾರಕ್ಕೊಂದಾಯಿತು. ಹೋಟೆಲಿನ ಖರ್ಚು ಉಳಿಯುವುದಿರಲಿ, ಡೇಟ್ ನೈಟಿನಿಂದ ಮನೆಗೆ ಆದಾಯ ಶುರುವಾಯಿತು. ಇಂಥ ವ್ಯಾಪಾರ ಎಪಿಎಂಸಿಯಲ್ಲಿ ಯಾರೂ ಮಾಡಿರಲಿಕ್ಕಿಲ್ಲ.

ಆದರೆ ಬಸವಪ್ರಭುವಿಗೆ ಊಟ ಸಪ್ಪೆ ಅನ್ನಿಸತೊಡಗಿತ್ತು. ಉಪ್ಪು ಖಾರ ಎಲ್ಲ ಸರಿಯೇ ಇತ್ತು. ಎದುರು ಕೂತ ಅಪರಿಚಿತ ಗಿರಾಕಿ ಬಾಯಿ ಚಪ್ಪರಿಸುವುದನ್ನು ನೋಡುತ್ತ ಕೂತವನಿಗೆ ಗೋಕುಲ ರಸ್ತೆಯ ಆ ಸಂಜೆ ನೆನಪಾಗುತ್ತಿತ್ತು. ಅವಳು ಇನ್ನೂ ಏನೇನು ಹೇಳುವವಳಿದ್ದಳೋ! ಒಂದು ಭಾನುವಾರ ಮನೆಯಲ್ಲಿ ಅವಳು ಮಣಿಕಟ್ಟಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದಾಗ ಹತ್ತಿರ ಹೋದ.

"ನಿಮ್ಮ ಸಾಲಿ ನಾಟಕದ್ದು ಹೇಳಿದ್ದೆಲ್ಲ, ಮುಂದ ಏನಾತು?"

"ಯಾವ ನಾಟಕಾರಿ?" ಅಂದಳು. ನೆನಪಾದ ಮೇಲೆ, "ಅದಾ? ಏನಿಲ್ಲ, ಮುಗೀತು. ಪರದೆ ಹಾಕಿದ್ರು," ಅಂದು ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿ ಎದ್ದಳು.

ದೀಪಾವಳಿಯ ರಜೆಗೆ ಬಂದ ಐಶ್ವರ್ಯಾ ಕೇಳಿದಳು, "ಅವ್ವಾ, ಡೇಟ್ ಹೆಂಗ ನಡದೈತಿ?"

"ಛಲೋ ನಡದೈತಿ. ನಾ ಬಡೀತೇನಿ, ನಿಮ್ಮಪ್ಪಾರು ಉಣತಾರ," ಅಂದಳು ನೀಲಗಂಗಾ. ಅವಳ ಮಾತಿನಲ್ಲಿ ಕುಹಕ ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮಗಳು ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಅವ್ವ ಕೇಳಿದ್ದು ಒಂದ ಒಂದು. ಕೂತು ಉಣಬೇಕು ಅಂದಿದ್ಲು. ಅದನ್ನೂ ಉಳಿಸಿಬಿಟ್ರೆಲ್ಲ!"

ಬಸವಪ್ರಭು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಅಕ್ಷರ ಒಂದೂ ಕಾಣಲಿಲ್ಲ. ಶಿವಲಿಂಗವ್ವ ಟೇಬಲಿಗೆ ಬಂದು ನಿಂತ ಆ ಸಂಜೆ ಹೆಂಡತಿ ತನ್ನ ಮುಖ ನೋಡಿದ್ದು ಆಗ ನೆನಪಾಯಿತು. ಅವಳು ತನ್ನ ಒಪ್ಪಿಗೆ ಕೇಳುತ್ತಿದ್ದಾಳೆ ಅಂದುಕೊಂಡಿದ್ದ. ಬೇಡ ಅನ್ನಿರಿ ಅಂತ ಬೇಡುತ್ತಿದ್ದಳು ಅನ್ನುವುದು ಈಗ ತಿಳಿಯಿತು. ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

ಅವರ ಲಗ್ನದ ದಿನ ಆ ವರ್ಷ ಶನಿವಾರವೇ ಬಂದಿತ್ತು. ಗೋಕುಲ ರಸ್ತೆಯ ಹೋಟೆಲಿಗೆ ಫೋನು ಮಾಡಿ, ಅಂದು ಕೂತಿದ್ದ ಕಿಟಕಿಯ ಪಕ್ಕದ ಟೇಬಲನ್ನೇ ಕಾಯ್ದಿಡಲು ಹೇಳಿದ. "ಕೂಪನ್ನು ಐತೇನ್ರಿ ಸರ್?" ಅಂತ ಅವರು ಕೇಳಿದಾಗ "ಇಲ್ಲ" ಅಂದವನಿಗೆ ಏನೋ ದೊಡ್ಡ ಹೊರೆ ಇಳಿಸಿದ ಹಾಗಾಯಿತು. ಹೊಸ ಅಂಗಿ ಹಾಕಿಕೊಂಡ. ಮುಂಚೆ ಹೇಳಿದರೆ ಅವಳು ಖರ್ಚು ಬೇಡ ಅಂದಾಳು ಅಂತ ಬಾಯಿ ಬಿಡಲಿಲ್ಲ. ಅವಳನ್ನು ಮುಂದೆ ಕಳಿಸಿ, ಖಾನಾವಳಿಯ ಗದ್ದಲ ಇಳಿಯಲಿ ಅಂತ ಕಾದು, ರಾತ್ರಿ ಒಂಬತ್ತರ ಸುಮಾರಿಗೆ ಆಟೋ ಮಾಡಿಕೊಂಡೇ ಹೋದ. ಆಟೋ! ಅದೂ ಮೀಟರಿನ ಬಗ್ಗೆ ಚಕಾರ ಎತ್ತದೆ.

ಅಡುಗೆಮನೆಯ ಹೊಸ್ತಿಲ ತನಕ ಅವನು ಯಾವತ್ತೂ ಹೋದವನಲ್ಲ. ಅದು ಹೆಂಗಸರ ರಾಜ್ಯ. ಹೋಗಿ ನಿಂತ. ಒಲೆಗಳೆಲ್ಲ ಆರಿದ್ದವು, ಒಂದು ಮಾತ್ರ ಉರಿಯುತ್ತಿತ್ತು. ಅದರ ಮುಂದೆ ಮಾಳವ್ವ ಕೂತಿದ್ದಳು. ಗೋಡೆಗೆ ಒರಗಿ, ಕಾಲು ಚಾಚಿಕೊಂಡು, ತಾಟಿನ ಮುಂದೆ ಕೂತಿದ್ದವಳು ನೀಲಗಂಗಾ. ಅಡುಗೆಯ ಇನ್ನಿಬ್ಬರು ಹೆಂಗಸರು ಅವಳ ಅಕ್ಕಪಕ್ಕ. ಒಬ್ಬಳು ಪಲ್ಯ ಬಡಿಸುತ್ತಿದ್ದಳು, ಇನ್ನೊಬ್ಬಳು ಬೆಣ್ಣೆಯ ಬಟ್ಟಲು ಹಿಡಿದಿದ್ದಳು. ಉಬ್ಬಿದ ರೊಟ್ಟಿಯನ್ನು ಮಾಳವ್ವ ಹಂಚಿನಿಂದ ನೇರ ತಂದು ನೀಲಗಂಗಾಳ ತಾಟಿಗೆ ಹಾಕಿದಳು.

ಬಸವಪ್ರಭುವಿನ ಬೆನ್ನ ಹಿಂದೆ ಬಂದು ನಿಂತ ಶಿವಲಿಂಗವ್ವ ಹೇಳಿದಳು: "ನಮ್ಮ ಮನಿ ಪದ್ಧತಿ ಅಣ್ಣಾರ. ರೊಟ್ಟಿ ಬಡದಾಕಿ ಆರಿದ್ದು ಉಣಬಾರದು. ಕಡೀ ಉಂಡಿ ಹಿಟ್ಟು ಆಕೀಗಂತ ತಗದ ಇಡತೇವಿ. ಅದನ್ನ ಇನ್ನೊಬ್ಬಾಕಿ ಬಡದ ಹಾಕಬೇಕು."

ನೀಲಗಂಗಾ ಗಂಡನನ್ನು ನೋಡಿ ಕಾಲು ಮಡಚಿದಳು. "ಯಾಕರಿ, ಏನಾತು? ಐಶೂದು ಫೋನ್ ಬಂದಿತ್ತೇನು?"

"ಏನಿಲ್ಲ. ಏಳು. ಗೋಕುಲ ರೋಡಿನ ಹೋಟೆಲಿನ್ಯಾಗ ಟೇಬಲ್ ಹೇಳೇನಿ. ಇವತ್ತ ನಮ್ಮ ಲಗ್ನದ ದಿನ ಅಲ್ಲ?"

"ನೆನಪೈತ್ರಿ." ಅವಳು ತಾಟಿನಲ್ಲಿದ್ದ ರೊಟ್ಟಿ ನೋಡಿದಳು. ಆವಿ ಇನ್ನೂ ಏಳುತ್ತಿತ್ತು. "ನನ್ನ ಊಟಾ ಇಲ್ಲೆ ಆಗಾಕತ್ತೈತ್ರಿ."

"ಪೂರ್ತಿ ಬಿಲ್ಲು ಕೊಡತೇನಿ. ನಿನಗ ಬೇಕಾದ್ದು ತಿನ್ನು." ಇಷ್ಟು ಹೇಳಿದ ಮೇಲೆ, ಬಿಲ್ಲಿನ ಮಾತು ಎತ್ತಬಾರದಿತ್ತು ಅಂತ ಅವನಿಗೇ ತಿಳಿಯಿತು. ಚಪ್ಪಲಿ ಕಳಚಿ ಹೊಸ್ತಿಲೊಳಗೆ ಒಂದು ಕಾಲಿಟ್ಟ. "ಇಲ್ಲಾಂದ್ರ ನಾ ಬಡಸಲೇನು? ಇಲ್ಲೆ?"

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನೀಲಗಂಗಾ ನಗಲಿಲ್ಲ. ಗಂಡನ ಹೊಸ ಅಂಗಿ, ಬರಿಗಾಲು ಎರಡನ್ನೂ ನೋಡಿದಳು. ಅವಳ ದನಿಯಲ್ಲಿ ಸಿಟ್ಟು ಹುಡುಕಿದರೂ ಸಿಗುತ್ತಿರಲಿಲ್ಲ, ಅದೇ ಅವನಿಗೆ ತಡೆಯಲಾಗದ್ದು.

"ಅವತ್ತ ಹೋಗು ಅಂದ್ರಿ, ಬಂದೆ. ಈಗ ಇವರು ನನಗಂತ ಕಾದು ಕೂತಾರ, ಹೆಂಗ ಬಿಟ್ಟ ಬರಲಿ? ಮಾಳವ್ವಗ ನನಗ ಎಷ್ಟ ಬೇಕಂತ ಗೊತ್ತೈತಿ, ನಾ ಕೇಳೂದ ಬ್ಯಾಡ." ಒಂದು ತುತ್ತು ಮುರಿದುಕೊಂಡು ಮತ್ತೆ ಅಂದಳು: "ನೀವು ಹೋಗಿ ಉಂಡ ಬರ್ರಿ. ಹೇಳಿದ ಟೇಬಲ್ ಹಾಳಾಗೂದು ಬ್ಯಾಡ."

ಅವನು ಕಾಲು ಹಿಂದಕ್ಕೆ ತೆಗೆದುಕೊಂಡ. ಹೋಟೆಲಿಗೆ ಹೋಗಲಿಲ್ಲ. ಖಾನಾವಳಿಯ ಎದುರಿನ ಕಟ್ಟೆಯ ಮೇಲೆ ಕೂತ. ಒಳಗಿನಿಂದ ಹೆಂಗಸರ ಮಾತು, ಮಾತಿನ ನಡುವೆ ದೊಡ್ಡದೊಂದು ನಗು. ಅದು ಯಾರ ನಗು ಅಂತ ಗುರುತು ಸಿಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ನೀಲಗಂಗಾಳದೇ ನಗು. ಹೋಟೆಲಿನವರ ಫೋನು ಎರಡು ಸಲ ಬಂತು, ಎತ್ತಲಿಲ್ಲ.

ಅವಳು ಕೈ ತೊಳೆದು ಹೊರಗೆ ಬಂದಳು. ಇಬ್ಬರೂ ನಡೆದುಕೊಂಡೇ ಹೊರಟರು.

"ಊಟಾ ಛಲೋ ಆತೇನು?" ಅವನು ಕೇಳಿದ.

"ಭಾಳ ಛಲೋ ಆತ್ರಿ. ನಿಮ್ಮದು?"

"ಆತು," ಅಂದ.

ಮೊದಲಾಗಿದ್ದರೆ ದನಿ ಕೇಳಿಯೇ ಅವಳು ಸುಳ್ಳು ಹಿಡಿಯುತ್ತಿದ್ದಳು, ಮನೆ ಮುಟ್ಟಿದವಳೇ ಒಲೆ ಹಚ್ಚಿ ತಾಟು ಹಾಕುತ್ತಿದ್ದಳು. ಇವತ್ತು "ಛಲೋ ಆತು ಬಿಡ್ರಿ" ಅಂದು, ಸೆರಗು ಹೊದ್ದುಕೊಂಡು ಎರಡು ಹೆಜ್ಜೆ ಮುಂದೆ ನಡೆದಳು. ಬಸವಪ್ರಭು ಹಸಿದ ಹೊಟ್ಟೆಯಲ್ಲಿ ಅವಳ ಹಿಂದೆ ಹೋದ.